ಆಟೋಪ್ಸಿ: ಟಿಕ್ ತೆಗೆಯಲು ಬಲ್ಲವರಿಗೆ ಒಳ್ಳೆಯ ಫೋರೆನ್ಸಿಕ್ ತಂತ್ರಾಂಶ

ಡಿಸ್ಕಿನಲ್ಲಿ ಸಾಕ್ಷ್ಯ ಹುಡುಕುವ ಆಟೋಪ್ಸಿ, ಬ್ರಯಾನ್ ಕ್ಯಾರಿಯರ್ ಬರೆದ ಸ್ಲೂತ್ ಕಿಟ್ ಎಂಬ ಉಪಕರಣಗಳ ಮೇಲೆ ಕಟ್ಟಿದ್ದು; ಪುಕ್ಕಟೆ ಸಿಗುತ್ತದೆ, ಸೋರ್ಸ್ ಕೋಡ್ ಕೂಡ ಮುಕ್ತ. ಅಳಿಸಿದ ಫೈಲು, ಬ್ರೌಸರ್ ಹಿಸ್ಟರಿ, ಫೋಟೊದೊಳಗಿನ ಜಿಪಿಎಸ್ ಎಲ್ಲವನ್ನೂ ಚೆನ್ನಾಗಿಯೇ ಹೆಕ್ಕುತ್ತದೆ. ತಕರಾರೂ ಅದೇ: ಬೇಡದ್ದನ್ನೂ ಹೆಕ್ಕುತ್ತದೆ.

ರೈಟ್ ಬ್ಲಾಕರ್ (ಮೂಲ ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ ಸಾಧನ) ಹಾಕಿ ತೆಗೆದ ಇ01 ಇಮೇಜನ್ನು, ಅಂದರೆ ಡಿಸ್ಕಿನ ಪೂರ್ತಿ ನಕಲನ್ನು, ಸೇರಿಸಿದಾಗ ಅದನ್ನು ಜಾಲಾಡುವ ಇಂಜೆಸ್ಟ್ ಮಾಡ್ಯೂಲ್‌ಗಳ ಪಟ್ಟಿ ಬರುತ್ತದೆ. ಅಲ್ಲಿ ಅವಸರ ಬೇಡ. ನಕಲಿ ಬಿಲ್ಲಿನ ಕೇಸಿಗೆ ಮನೆಮಂದಿಯ ಫೋಟೊ ಎಲ್ಲಿ ತೆಗೆದದ್ದೆಂಬ ಮಾಹಿತಿ ಯಾಕೆ? ಪಿಕ್ಚರ್ ಅನಲೈಸರ್ ಟಿಕ್ ತೆಗೆಯಿರಿ, ಫೈಲ್ ಫಿಲ್ಟರಿನಲ್ಲಿ ಎಕ್ಸೆಲ್, ಪಿಡಿಎಫ್, ಲೆಕ್ಕದ ಫೋಲ್ಡರ್ ಮಾತ್ರ ಉಳಿಸಿ. ಇಮೇಜಿನ ಹ್ಯಾಶ್ (ಬೆರಳಚ್ಚಿನಂಥ ಗುರುತಿನ ಸಂಖ್ಯೆ) ಲೆಕ್ಕಹಾಕುವ ಡೇಟಾ ಸೋರ್ಸ್ ಇಂಟೆಗ್ರಿಟಿಯನ್ನು ಮಾತ್ರ ಬಿಡಬೇಡಿ. ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರಕ್ಕೆ ಹ್ಯಾಶ್ ಬೇಕು. ಫಿಲ್ಟರ್ ಕಡಿವಾಣ ಹಾಕುವುದು ವಿಶ್ಲೇಷಣೆಗಷ್ಟೇ. ಎಡಗಡೆಯ ಪಟ್ಟಿಯಲ್ಲಿ ಎಲ್ಲ ಫೈಲೂ ಕಾಣುತ್ತಲೇ ಇರುತ್ತವೆ, ಹಾಗಾಗಿ ಯಾವುದನ್ನು ಯಾಕೆ ತೆರೆದಿರೆಂದು ಬರೆದಿಡಿ.

ನನಗೆ ಹೆಚ್ಚು ಅನುಮಾನ ಸೆಂಟ್ರಲ್ ರೆಪಾಸಿಟರಿ ಮೇಲೆ. ಹಳೆಯ ಕೇಸುಗಳ ಹ್ಯಾಶ್, ಇಮೇಲ್ ವಿಳಾಸ, ಫೋನ್ ನಂಬರುಗಳನ್ನು ಅದು ಬೇರೆ ಡೇಟಾಬೇಸಿನಲ್ಲಿ ಕೂಡಿಟ್ಟು, ಹೊಸ ಕೇಸಿನಲ್ಲಿ ಹೊಂದಿಕೆಯಾದರೆ ತೋರಿಸುತ್ತದೆ. ತನಿಖೆಗೆ ವರ. ಆದರೆ ಖುಲಾಸೆಯಾದವರ, ಆರೋಪಿಗೆ ಒಮ್ಮೆ ಮೇಲ್ ಕಳಿಸಿದವರ ವಿವರವೂ ಅಲ್ಲೇ ಕೂತಿರುತ್ತದೆ; ಕೇಸಿನ ಫೋಲ್ಡರ್ ಅಳಿಸಿದರೆ ಸಾಲದು. ಆಪ್ಷನ್ಸ್‌ನಲ್ಲಿ ಆನ್ ಇದೆಯೇ ನೋಡಿಕೊಳ್ಳಿ.

ಮೆಚ್ಚಬೇಕಾದದ್ದು ಪೋರ್ಟಬಲ್ ಕೇಸ್. ಟ್ಯಾಗ್ ಮಾಡಿದ ಫೈಲುಗಳನ್ನಷ್ಟೇ ಬೇರೆ ಕೇಸಾಗಿ ಕಟ್ಟಿಕೊಡುತ್ತದೆ, ತನಿಖಾಧಿಕಾರಿಗೆ ಇಡೀ ಇಮೇಜ್ ಒಪ್ಪಿಸಬೇಕಿಲ್ಲ. ತನಿಖೆಯಲ್ಲಿ ಸಿಕ್ಕ ಖಾಸಗಿ ಮಾಹಿತಿಯನ್ನು ನ್ಯಾಯಾಲಯದ ಲಿಖಿತ ಅನುಮತಿ ಇಲ್ಲದೆ ಮೂರನೆಯವರಿಗೆ ಕೊಡಕೂಡದೆಂದು ಕರ್ನಾಟಕ ಹೈಕೋರ್ಟ್ 2021ರಲ್ಲೇ ಹೇಳಿದೆ. ಹಾಗಿದ್ದೂ ಪೂರ್ತಿ ಇಮೇಜಿನ ಹಾರ್ಡ್‌ಡಿಸ್ಕನ್ನು ಕೈಯಿಂದ ಕೈಗೆ ದಾಟಿಸುವ ಚಾಳಿ ಯಾಕೋ!

ಕನ್ನಡದ ಕೀವರ್ಡ್ ಹುಡುಕಾಟದಲ್ಲಿ ಒಂದು ತೊಡಕಿದೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳ ಕಡತಗಳಲ್ಲಿ ಇರುವುದು ಯೂನಿಕೋಡ್ ಅಲ್ಲ, ಲ್ಯಾಟಿನ್ ಸಂಕೇತಗಳು. ‘ರಸೀದಿ’ ಎಂದು ಯೂನಿಕೋಡಿನಲ್ಲಿ ಹುಡುಕಿದರೆ ಸೊನ್ನೆ ಬರುತ್ತದೆ; ಆಮೇಲೆ ಪರೀಕ್ಷಕರು ಒಂದೊಂದೇ ಕಡತ ತೆರೆದು, ಕೇಸಿಗೆ ಸಂಬಂಧವಿಲ್ಲದ ಖಾಸಗಿ ಪತ್ರಗಳನ್ನೂ ಓದಿಬಿಡುತ್ತಾರೆ. ಅದೇ ಪದವನ್ನು ಆಯಾ ತಂತ್ರಾಂಶದಲ್ಲೇ ಬೆರಳಚ್ಚಿಸಿ, ನೋಟ್‌ಪ್ಯಾಡಿಗೆ ಅಂಟಿಸಿ, ಅಲ್ಲಿ ಕಾಣುವ ಅಕ್ಷರಸಾಲನ್ನು, ಪದದೊಳಗೆ ಎಲ್ಲಿದ್ದರೂ ಹಿಡಿಯುವಂತೆ, ಸಬ್‌ಸ್ಟ್ರಿಂಗ್ ಆಗಿ ಕೊಡಿ. ನುಡಿಗೊಂದು, ಬರಹಕ್ಕೊಂದು, ಯೂನಿಕೋಡಿಗೊಂದು ಬೇರೆ ಬೇರೆ ಪಟ್ಟಿ ಇರಲಿ.