ಬಿಳಿ ಬೆಳಕಿನ ಹರಳು: ಮೂರನ್ನು ಬೆಳೆಸಿ ನೋಡಿದೆ, ಉಳಿಸಿಕೊಂಡಿದ್ದು ಒಂದನ್ನು

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಇಡಿಬಿಇ ಲೆಡ್ ಬ್ರೋಮೈಡ್, ಅಂದರೆ ಇಡಿಬಿಇ ಎಂಬ ಅಮೀನ್ (ನೈಟ್ರೋಜನ್ ಇರುವ ಸಾವಯವ ಅಣು) ಮತ್ತು ಸೀಸದ ಬ್ರೋಮೈಡ್ ಸೇರಿ ಆದ ಹರಳು. ಮೂರರಲ್ಲಿ ಹೆಚ್ಚು ಬೆಳಗುವ ಹರಳು ಇದಲ್ಲ. ಆದರೂ ಈಗ ನನ್ನ ಬೆಂಚಿನ ಮೇಲೆ ಇರುವುದು ಇದೊಂದೇ.

ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ನೀಲಿ ಚಿಪ್ ಮೇಲೆ ಹಳದಿಯಾಗಿ ಬೆಳಗುವ ಪುಡಿ (ಫಾಸ್ಫರ್) ಇರುತ್ತದೆ. ಎರಡೂ ಸೇರಿ ಬಿಳಿ. ಈ ಹರಳುಗಳಲ್ಲಿ ಒಂದೇ ವಸ್ತು ಪೂರ್ತಿ ಬಿಳಿ ಬೆಳಕು ಕೊಡುತ್ತದೆ. ಅತಿನೇರಳೆ ಬೆಳಕು ಬಿದ್ದಾಗ ಒಳಗೆ ಎಕ್ಸಿಟಾನ್ ಹುಟ್ಟುತ್ತದೆ, ಅಂದರೆ ಎಲೆಕ್ಟ್ರಾನ್ ಮತ್ತು ಅದು ಬಿಟ್ಟುಬಂದ ಖಾಲಿ ಜಾಗದ ಜೋಡಿ. ಅದು ಸುತ್ತಲಿನ ಸೀಸ-ಬ್ರೋಮಿನ್ ಜಾಲವನ್ನು ಸೊಟ್ಟಗೆ ಮಾಡಿ, ತಾನೇ ತೋಡಿದ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಬರುವ ಬೆಳಕು ನೀಲಿಯಿಂದ ಕೆಂಪಿನವರೆಗೆ ಹರಡಿಕೊಳ್ಳುತ್ತದೆ. ಮೊದಲ ಸಲ ಕಣ್ಣಾರೆ ನೋಡಿದಾಗ ಮೈ ಜುಮ್ಮೆಂದಿತ್ತು.

ಎರಡನೆಯದು ಎನ್-ಮೆಡಾ ಎಂಬ ಇನ್ನೊಂದು ಅಮೀನಿನ ಲೆಡ್ ಬ್ರೋಮೈಡ್, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2014ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೇಮಮಾಲಾ ಕರುಣದಾಸ ಅವರ ತಂಡ ತೋರಿಸಿದ ಹರಳು ಇದು. ಈ ದಾರಿ ತೆರೆದದ್ದೇ ಇದು, ಬಣ್ಣಗಳೂ ಚೆನ್ನಾಗಿ ಕಾಣುತ್ತವೆ. ಆದರೆ ಹೀರಿದ ಬೆಳಕಿನಲ್ಲಿ ವಾಪಸ್ ಕೊಡುವುದು ಶೇಕಡಾ 0.5 ಮಾತ್ರ. ನನ್ನ ಕಣ್ಣಿಗೆ ತೀರಾ ಮಂಕು.

ನಾನು ಆಸೆಪಟ್ಟಿದ್ದು ಮೂರನೆಯದಕ್ಕೆ. 2017ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಬಿವು ಮಾ ತಂಡ ಪ್ರಕಟಿಸಿದ ಸೂಜಿ ಹರಳು. ಉಳಿದೆರಡರಲ್ಲಿ ಸೀಸ-ಬ್ರೋಮಿನ್ ಪದರ ಪದರವಾಗಿರುತ್ತದೆ, ಇದರಲ್ಲಿ ಪದರವೇ ಇಲ್ಲ. ಸೀಸ-ಬ್ರೋಮಿನ್ ಸರಪಳಿಗಳನ್ನು ಸಾವಯವ ಅಣುಗಳು ಸುತ್ತುವರಿದಿರುತ್ತವೆ. ದಕ್ಷತೆ ಶೇಕಡಾ 20. ಇದಕ್ಕೆ ಬೇಕಾದ ಅಮೀನ್ ಎನ್,ಎನ್′-ಡೈಮೀಥೈಲ್ ಎಥಿಲೀನ್ ಡೈಅಮೀನ್.

ಎರಡನೇ ಎನ್ ಪಕ್ಕದಲ್ಲಿರುವ ಆ ಪುಟ್ಟ ಗೀಟು ಕಾಣಿಸಿತಾ? ನನಗೆ ಕಾಣಿಸಲಿಲ್ಲ. ಗೀಟು ಇದ್ದರೆ ಎರಡು ನೈಟ್ರೋಜನ್‌ಗಳ ಮೇಲೂ ಒಂದೊಂದು ಮೀಥೈಲ್ (ಒಂದು ಕಾರ್ಬನ್, ಮೂರು ಹೈಡ್ರೋಜನ್‌ಗಳ ಗುಂಪು). ಇಲ್ಲದಿದ್ದರೆ ಎರಡೂ ಒಂದೇ ನೈಟ್ರೋಜನ್ ಮೇಲೆ. ನಾನು ತರಿಸಿದ್ದು ಗೀಟಿಲ್ಲದ್ದು. ಎರಡಕ್ಕೂ ಅಣುಸೂತ್ರ ಒಂದೇ, ಅಣುತೂಕವೂ ಒಂದೇ, 88. ಹಾಗಾಗಿ ನನ್ನ ಲೆಕ್ಕದಲ್ಲಿ ಎಲ್ಲೂ ತಪ್ಪು ಕಾಣಲಿಲ್ಲ. ತೂಕ ಸರಿ, ದ್ರಾವಕ ಸರಿ. ಆದರೆ ಸೂಜಿ ಬರಲೇ ಇಲ್ಲ, ಹಾಳೆಯಂಥ ತೆಳು ಹರಳು ಬಂತು. ದ್ರಾವಕವಾದ ಡಿಎಂಎಫ್ ಬದಲಾಯಿಸಿದೆ. ಡೈಕ್ಲೋರೋಮೀಥೇನ್ ಆವಿ ನಿಧಾನವಾಗಿ ಸೇರಲಿ ಎಂದು ಮುಚ್ಚಳ ಬಿಗಿ ಮಾಡಿದೆ. ಮೂರು ವಾರ ಹೀಗೇ ಹೋಯಿತು.

ದಾರಿ ಇನ್ನಷ್ಟು ತಪ್ಪಿಸಿದ್ದೇನು ಗೊತ್ತಾ? ಆ ತಪ್ಪು ಹರಳೂ ಬಿಳಿಯಾಗಿಯೇ ಹೊಳೆಯುತ್ತಿತ್ತು! ಗೀಟಿಲ್ಲದ ಅಮೀನ್ ಕೂಡ ಅಲೆಅಲೆಯಾದ ಪದರ ಕಟ್ಟಿ ಬಿಳಿ ಬೆಳಕು ಕೊಡುತ್ತದೆ. ರಸಾಯನಶಾಸ್ತ್ರಜ್ಞ ಕನಾಟ್ಜಿಡಿಸ್ ಅವರ ತಂಡ ಅದನ್ನು 2017ರಲ್ಲೇ ಬರೆದಿದೆ. ಎಕ್ಸ್-ರೇಯಿಂದ ಹರಳಿನ ರಚನೆ ನೋಡಿಸಿದ ಮೇಲೆಯೇ ನನಗೆ ವಿಷಯ ತಿಳಿದದ್ದು. ಬಾಟಲಿ ಬಂದ ದಿನವೇ ಎನ್‌ಎಂಆರ್ (ಅಣುವಿನ ಹೈಡ್ರೋಜನ್‌ಗಳು ಎಲ್ಲೆಲ್ಲಿವೆ ಎಂದು ಗೆರೆಗಳಲ್ಲಿ ತೋರಿಸುವ ಪರೀಕ್ಷೆ) ತೆಗೆದಿದ್ದರೆ ಸಾಕಿತ್ತು. ಸರಿಯಾದ ಅಣುವಿನ ಎರಡೂ ಬದಿ ಒಂದೇ ಥರ, ಹಾಗಾಗಿ ನಡುವಿನ ಎರಡು ಕಾರ್ಬನ್‌ಗಳ ಹೈಡ್ರೋಜನ್‌ಗೆ ಒಂದೇ ಗೆರೆ ಬರುತ್ತದೆ. ತಪ್ಪಾದದ್ದರಲ್ಲಿ ಎರಡು ಬೇರೆ ಬೇರೆ. ನೀವು ತರಿಸುವುದಾದರೆ ಹೆಸರು ನೋಡಬೇಡಿ, ಪ್ರತಿ ರಾಸಾಯನಿಕಕ್ಕೂ ಬೇರೆಯಾಗಿರುವ ಸಿಎಎಸ್ ಸಂಖ್ಯೆ ನೋಡಿ: 110-70-3. ನನ್ನ ಕೈಗೆ ಬಂದದ್ದು 108-00-9.

ಸರಿಯಾದ ಬಾಟಲಿ ಬಂದ ಮೇಲೆ ಸೂಜಿಗಳೂ ಬಂದವು. ನಿಜಕ್ಕೂ ಪ್ರಕಾಶ ಜಾಸ್ತಿ. ಆದರೆ ಆ ಬಿಳಿಯಲ್ಲಿ ನೀಲಿ ಎದ್ದು ಕಾಣುತ್ತದೆ. ಚಿಮುಟ ತಾಗಿದರೆ ಮುರಿಯುತ್ತವೆ.

ಇಡಿಬಿಇ ಜೊತೆ ಈ ಪಾಡಿಲ್ಲ. ಕರುಣದಾಸ ತಂಡದ್ದೇ ಇನ್ನೊಂದು ಹರಳು, ಅದೂ 2014ರದ್ದು. ಲೆಡ್ ಬ್ರೋಮೈಡನ್ನು ಹೈಡ್ರೋಬ್ರೋಮಿಕ್ ಆಮ್ಲದಲ್ಲಿ ಕರಗಿಸಿ, ಐಸ್ ಮೇಲಿಟ್ಟು ಅಮೀನನ್ನು ಹನಿಹನಿಯಾಗಿ ಬಿಡುತ್ತೇನೆ. ಆಮೇಲೆ ಬಿಸಿ ಮಾಡಿ ರಾತ್ರಿಯಿಡೀ ತಣಿಯಲು ಬಿಟ್ಟು ಹೋಗುತ್ತೇನೆ. ದಕ್ಷತೆ ಶೇಕಡಾ 9, ಸೂಜಿಯ ಅರ್ಧಕ್ಕಿಂತ ಕಡಿಮೆ. ಆದರೆ ಬೆಳಕು ಬೆಚ್ಚಗಿದೆ, ಎಷ್ಟು ಹೊತ್ತು ನೋಡಿದರೂ ಕಣ್ಣಿಗೆ ಹಿತ. 3 ತಿಂಗಳು ಬಿಡದೆ ಅತಿನೇರಳೆ ಬಿಟ್ಟರೂ ಆ 9 ಕಡಿಮೆಯಾಗಲಿಲ್ಲ ಎಂದು ಆ ತಂಡ ಬರೆದಿದೆ. ನನಗೆ ಬೇಕಿದ್ದದ್ದು ಇದೇ. ನಾನು ವಾರಕ್ಕೊಮ್ಮೆ ಮಾತ್ರ ಬೆಂಚಿಗೆ ಬರುವವನು. ಡಿಎಂಎಫ್ ವಾಸನೆಯೂ ನನಗೆ ಆಗಿಬರುವುದಿಲ್ಲ.

ಮೂರರಲ್ಲೂ ಸೀಸ ಇದೆ, ಕೈಗವಸು ಬಿಡಬೇಡಿ.

ಹೋಲಿಸುವಾಗ ಹರಳನ್ನು ಸಾಮಾನ್ಯ ಬಿಳಿ ಕಾಗದದ ಮೇಲೆ ಇಡಬೇಡಿ. ಕಾಗದಕ್ಕೆ ಹಾಕಿರುವ ಹೊಳಪಿನ ರಾಸಾಯನಿಕ ತಾನೇ ನೀಲಿಯಾಗಿ ಬೆಳಗುತ್ತದೆ. 395 ನ್ಯಾನೋಮೀಟರ್ ಟಾರ್ಚ್ ಕೂಡ ಬೇಡ, 365ರದ್ದೇ ಇರಲಿ.

ತೀರಾ ಹೆಚ್ಚು ಪ್ರಕಾಶವೇ ಬೇಕು, ದಿನವೂ ಕೂತು ಮಾಡುತ್ತೇನೆ ಅನ್ನುವವರು ಸೂಜಿ ಹರಳನ್ನೇ ಬೆಳೆಸಿ. ನನಗಂತೂ ಒಂದು ಬಾಟಲಿ ಇಡಿಬಿಇ ಅಮೀನ್ ಬಹಳ ದಿನ ಬರುತ್ತದೆ. ಬ್ರೋಮೈಡ್ ಬದಲು ಕ್ಲೋರೈಡ್ ಹಾಕಿದರೆ ಅದೇ ಬಾಟಲಿಯಿಂದ ತಣ್ಣನೆಯ ಬಿಳಿ ಬೆಳಕಿನ ಹರಳೂ ಸಿಗುತ್ತದೆ. ಅದಕ್ಕೆ ಇನ್ನೂ ಚಿಕ್ಕ ತರಂಗದ ದೀಪ ಬೇಕು. ಮುಂದಿನ ದುಡ್ಡು ಆ ದೀಪಕ್ಕೆ.