ಸೊನೆ ಮೆತ್ತಿದ ಮೇಲೆ ಈ ಚಾಕುವಿನ ಲಾಕ್ ನಿಲ್ಲುತ್ತದೆಯೇ?

ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ 650 ರೂಪಾಯಿ ಕೊಟ್ಟು ತಂದ ಮಡಚುವ ಚಾಕು ಇದು. ಅಂಗಡಿಯವರು ಟಕ್ಕೆಂದು ತೆರೆದು, “ಅಕ್ಕಾ, ಲಾಕ್ ಹೇಗೆ ಕೂತಿತು ನೋಡಿರಿ” ಎಂದರು. ಆ ಸದ್ದಿಗೇ ಮರುಳಾಗಿ ಕೊಂಡೆ.

ಧಾರವಾಡದ ಕೆಲಗೇರಿ ಬದಿಗೆ ನಮ್ಮದೊಂದು ಪುಟ್ಟ ನರ್ಸರಿ. ಮಳೆಗಾಲದಲ್ಲಿ ಆಪೂಸು ಕಸಿ ಕಟ್ಟುತ್ತೇವೆ. ನಾಟಿ ಮಾವಿನ ಸಸಿಯ ತಲೆ ಕತ್ತರಿಸಿ, ಕಾಂಡವನ್ನು ಮೂರು–ನಾಲ್ಕು ಸೆಂಟಿಮೀಟರ್ ಸೀಳಿ, ಬೆಣೆಯಂತೆ ಚೂಪು ಮಾಡಿದ ಕಸಿಕಡ್ಡಿಯನ್ನು ಅದರೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಕಡ್ಡಿ ಕೆತ್ತುವಾಗ ಭಯವಿಲ್ಲ. ಆಗ ಒತ್ತಡವೆಲ್ಲ ಅಲಗಿನ ಬಾಯಿಯ ಮೇಲಿದ್ದು, ಅದನ್ನು ಇನ್ನಷ್ಟು ತೆರೆಯುವ ಕಡೆಗೇ ತಳ್ಳುತ್ತದೆ. ಸೀಳಿನಲ್ಲಿ ಸಿಕ್ಕಿಕೊಂಡ ಅಲಗನ್ನು ಅತ್ತಿತ್ತ ಅಲ್ಲಾಡಿಸಿ ಕೀಳುವಾಗ ಮಾತ್ರ ಭಾರ ಅಲಗಿನ ಬೆನ್ನಿಗೆ ತಿರುಗುತ್ತದೆ. ಲಾಕ್ ಇಲ್ಲದ ಹಳೆಯ ಕಸಿ ಚಾಕು ನನ್ನ ತೋರುಬೆರಳನ್ನು ಕಚ್ಚಿದ್ದು ಅಂಥ ಹೊತ್ತಿನಲ್ಲೇ. ಗುರುತು ಇನ್ನೂ ಇದೆ.

ಇದರದು ಲೈನರ್ ಲಾಕ್. ಹಿಡಿಯೊಳಗಿನ ತೆಳು ಉಕ್ಕಿನ ಪಟ್ಟಿ ಸ್ಪ್ರಿಂಗಿನಂತೆ ಬಾಗಿ ಬಂದು ಅಲಗಿನ ಹಿಮ್ಮಡಿಗೆ, ಅಂದರೆ ಬುಡಕ್ಕೆ, ಆತುಕೊಂಡು ಅದು ಮಡಚದಂತೆ ತಡೆಯುತ್ತದೆ. ಹೊಸದರಲ್ಲಿ ಹಿಮ್ಮಡಿಯ ಅಗಲದ ಮೂರರಲ್ಲೊಂದು ಪಾಲಿನವರೆಗೆ ಬಂದು ನಿಂತಿತ್ತು, ಅದು ಸರಿಯಾದ ಜಾಗ. ಬರೀ ಅಂಚಿಗೆ ತಾಗಿ ನಿಂತರೆ ಜಾರುತ್ತದೆ. ಆ ಕಡೆಯ ತುದಿ ಮುಟ್ಟಿದ್ದರೆ ಸವೆದು ಮುಗಿದಂತೆ. ಅಲಗನ್ನು ಚಿಮಟಿಯಂತೆ ಹಿಡಿದು ಮೇಲೆ ಕೆಳಗೆ ಆಡಿಸಿದೆ, ಕುಲುಕಲಿಲ್ಲ. ಆಮೇಲೆ ಬೆರಳುಗಳು ಅಲಗಿನ ದಾರಿಗೆ ಬಾರದಂತೆ ಹಿಡಿಯನ್ನು ಎರಡೂ ಬದಿಯಿಂದ ಒತ್ತಿ ಹಿಡಿದು, ಬೆನ್ನನ್ನು ಹಲಗೆಯ ಅಂಚಿಗೆ ಮೆಲ್ಲಗೆ ಹತ್ತು ಸಲ ತಟ್ಟಿದೆ. ಹತ್ತೂ ಸಲ ನಿಂತಿತು. ಕೆಲವರು ಸುತ್ತಿಗೆಯಂತೆ ಬಡಿದು ನೋಡುತ್ತಾರೆ. ಹಾಗೆ ಬಡಿದರೆ ಚೆನ್ನಾಗಿದ್ದ ಲಾಕೂ ಕೆಡುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಹೊಗಳಿ ಬರೆಯುತ್ತಿದ್ದೆ. ನಲವತ್ತು ಸಸಿ ಮುಗಿಸಿ, ಒರೆಸದೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದೆ. ಹತ್ತರಲ್ಲಿ ಎರಡು ಸಲ ಅಲಗು ಸದ್ದಿಲ್ಲದೆ ಮಡಚಿಕೊಂಡಿತು. ಟಾರ್ಚ್ ಹಿಡಿದು ನೋಡಿದರೆ ಮಾವಿನ ಸೊನೆ ಹಿಮ್ಮಡಿಯಲ್ಲಿ ಕಂದು ಅಂಟಾಗಿ ಗಟ್ಟಿಯಾಗಿತ್ತು, ಪಟ್ಟಿ ಕೂದಲೆಳೆಯಷ್ಟು ಮಾತ್ರ ಆತುಕೊಂಡಿತ್ತು. ಸೀಮೆಎಣ್ಣೆ ಹಚ್ಚಿದ ಹಳೆಯ ಬ್ರಶ್ಶಿನಿಂದ ಉಜ್ಜಿದ ಮೇಲೆ ಮತ್ತೆ ಹತ್ತಕ್ಕೆ ಹತ್ತು. ಅಂದರೆ ಲಾಕ್ ಕೆಟ್ಟಿಲ್ಲ. ಆದರೆ ಸಸಿಯ ನಡುವೆ ಕೂತು ಗಳಿಗೆಗೊಮ್ಮೆ ಚಾಕು ತೊಳೆಯುವವರು ಯಾರು?

ಇನ್ನೂ ಎರಡು ತಕರಾರುಗಳಿವೆ. ಹಿಡಿಯ ಒಂದು ಪಕ್ಕವನ್ನು ಪಟ್ಟಿ ಕಾಣಲೆಂದು ತೀರ ಆಳವಾಗಿ ಕೊರೆದಿದ್ದಾರೆ. ಬಿಗಿಯಾಗಿ ಹಿಡಿದು ತಿರುಚಿದಾಗ ನನ್ನ ಬೆರಳೇ ಪಟ್ಟಿಯನ್ನು ಒತ್ತಿ ಲಾಕ್ ಬಿಡಿಸಿಬಿಡುತ್ತದೆ. ಮಡಚಬೇಕಾದರೆ ಹೆಬ್ಬೆರಳನ್ನು ಅಲಗಿನ ದಾರಿಯಲ್ಲೇ ಇಡಬೇಕು. ಈ ಎರಡನೆಯದು ಎಲ್ಲ ಲೈನರ್ ಲಾಕಿಗೂ ಇರುವ ಕಷ್ಟ. ಒದ್ದೆ ಕೈಗೆ ನನಗದು ಹಿಡಿಸಲಿಲ್ಲ.

ಫ್ರಾನ್ಸಿನ ಒಪಿನೆಲ್ ಚಾಕುಗಳಿಗೆ 1955ರಿಂದ ತಿರುಗುವ ಉಕ್ಕಿನ ಬಳೆಯ ಲಾಕ್ ಇದೆ. ಬಳೆ ಅಡ್ಡ ನಿಂತರೆ ಅಲಗು ಮಡಚುವುದಿಲ್ಲ, ಬೆರಳೂ ದಾರಿಯಿಂದ ದೂರ. ನನ್ನ ಕೆಲಸಕ್ಕೆ ಆ ನಮೂನೆಯೇ ಮೇಲು. ಆದರೆ ನಮ್ಮ ಶ್ರಾವಣದ ಜಿಟಿಜಿಟಿ ಮಳೆಗೆ ಮರದ ಹಿಡಿ ಉಬ್ಬಿ ಅಲಗು ಬಿಗಿಯಾದರೆ ತೆರೆಯಲು ಹೆಣಗಬೇಕಾಗುತ್ತದೆ.

ಅಲಗಿನ ಹರಿತಕ್ಕೆ ದೂರಿಲ್ಲ. ದಾರ, ಗೋಣಿಚೀಲ, ಪ್ಲಾಸ್ಟಿಕ್ ಪಟ್ಟಿಗೆ ಚಾಕು ಸಾಕು. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕಾಂಡ ಸೀಳಲು ಮಾತ್ರ ಕಮ್ಮಾರರಿಂದ ಮಾಡಿಸಿದ ಮಡಚದ ಚಾಕು ತಂದಿದ್ದೇನೆ. ಈ ಮಡಚುವ ಚಾಕು ಇದೀಗ ನನ್ನ ಯಜಮಾನರ ಜೇಬು ಸೇರಿದೆ, ಅವರು ಅದರಿಂದ ಪೇರಲ ಹಣ್ಣು ಹೆಚ್ಚುತ್ತಾರೆ.