ಬಾಳೆ ರೋಗ 'ಟ್ರ್ಯಾಕಿಂಗ್' ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ

ಗೋವಾದಲ್ಲಿ ತೋಟ ಮಾಡಿಕೊಂಡಿರುವ ಕನ್ನಡದವರೇ, ದಯವಿಟ್ಟು ಓದಿ. ಹೇಳಿಕೊಳ್ಳಲು ನಾಚಿಕೆ, ಆದರೂ ಬರೆಯುತ್ತಿದ್ದೇನೆ.

ಫೋಂಡಾ ಹತ್ತಿರ ನನ್ನದು 200 ಬುಡ ರಸಬಾಳೆ. ಮಳೆಗಾಲದಲ್ಲಿ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ದಂಟು ಮುರಿದು ಜೋತುಬಿದ್ದವು. ಔಷಧಿ ಮಾರುವವನೊಬ್ಬ ಬಂದು ನಾಲ್ಕು ಫೋಟೊ ಹೊಡೆದ. "ದುಂಡಾಣು ಸೊರಗು ಸರ್, ಗ್ಯಾರಂಟಿ" ಅಂದ. ಗಿಡಕ್ಕೊಂದು ನಂಬರ್ ಚೀಟಿ, ಫೋನಲ್ಲಿ ನಕ್ಷೆ, ವಾರವಾರ ವರದಿ, ದುಂಡಾಣು (ಬ್ಯಾಕ್ಟೀರಿಯಾ) ಸಾಯಿಸುವ ಪುಡಿ. ಒಟ್ಟು 18,000 ರೂಪಾಯಿ. ಕೊಟ್ಟೆ. ಬುಡ ಕಡಿದು ಸಹ ನೋಡದವನಿಗೆ ಕೊಟ್ಟೆ!

47ನೇ ಗಿಡ ಪೂರ್ತಿ ಒಣಗಿತು. ಭಾನುವಾರ ನಾನೇ ಅಗೆದು ಸುಟ್ಟೆ. ಬುಧವಾರ ವರದಿ ಬಂತು. 47ಕ್ಕೆ ಹಸಿರು ಚುಕ್ಕೆ, 'ಚೇತರಿಕೆ'. ಗುಂಡಿಯ ಪಕ್ಕ ನಿಂತು ಓದುತ್ತಿದ್ದೇನೆ, ಆ ಗಿಡದ ಚೀಟಿ ನನ್ನ ಜೇಬಲ್ಲಿದೆ. ಮೈ ಉರಿದುಹೋಯಿತು.

ಫೋನ್ ಮಾಡಿದೆ. "ಅಪ್‌ಡೇಟ್ ಆಗೋಕೆ ಟೈಮ್ ಬೇಕು ಸರ್." ಸುಟ್ಟ ಗಿಡ ಚೇತರಿಸಿಕೊಳ್ಳುತ್ತದಾ?

ಶಿರಸಿ ಕಡೆಯ ಪರಿಚಯದವರು ಬಂದು ಇನ್ನೊಂದು ದಿಂಡಿನ ಬುಡ ಕೊಯ್ದರು. ಒಳಗೆ ಕೆಂಪುಕಂದು ಎಳೆಗಳು. ಒಂದು ತುಂಡನ್ನು ತಿಳಿನೀರಿನ ಗಾಜಿನ ಲೋಟದಲ್ಲಿ ಇಳಿಬಿಟ್ಟರು. ದುಂಡಾಣು ಇದ್ದರೆ ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ನೀರಿಗೆ ಇಳಿಯುತ್ತದೆ. ಅರ್ಧ ಗಂಟೆ ಕಾದೆವು. ಮೂರು ಗಿಡ ನೋಡಿದೆವು. ನೀರು ತಿಳಿಯಾಗಿಯೇ ಇತ್ತು. ಆಮೇಲೆ ಪರೀಕ್ಷೆ ಮಾಡಿಸಿದಾಗ ಪನಾಮಾ ಸೊರಗು ಅಂತ ಗೊತ್ತಾಯಿತು. ಅದು ಶಿಲೀಂಧ್ರ. ನಂಜನಗೂಡು ರಸಬಾಳೆಯನ್ನು ಹಾಳು ಮಾಡಿದ್ದೂ ಇದೇ. ದುಂಡಾಣು ಪುಡಿ ಇದಕ್ಕೆ ಏನೂ ಮಾಡುವುದಿಲ್ಲ.

ಇದನ್ನು ಹೇಳಿದರೆ ಅವನ ಉತ್ತರ: "ಲೋಟದ್ದೆಲ್ಲ ಹಳೇ ಕಾಲದ್ದು ಸರ್, ನಮ್ಮದು ಎಐ." ದುಡ್ಡು ವಾಪಸ್ ಕೇಳಿದೆ. "ಪುಡಿ ಓಪನ್ ಮಾಡಿದೀರಲ್ಲ?" ಅಷ್ಟೇ. ಆಮೇಲೆ ನನ್ನ ನಂಬರ್ ಬ್ಲಾಕ್.

ಫೋಟೊ ನೋಡಿ ಗ್ಯಾರಂಟಿ ಅನ್ನುವವರನ್ನು ಗೇಟಿನಿಂದಲೇ ಕಳಿಸಿ. ಮೊದಲು ಲೋಟದಲ್ಲಿ ನೋಡಿ. ಆಮೇಲೆ ಹಳೇ ಗೋವಾದ ಏಲಾದಲ್ಲಿ ಕೇಂದ್ರ ಸರ್ಕಾರದ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ಕೇಳಿ.

ನನಗೆ ದುಡ್ಡಿಗಿಂತ ಜಾಸ್ತಿ ಚಿಂತೆ ಇನ್ನೊಂದು. ಆ ಹಸಿರು ಚುಕ್ಕೆ ನಂಬಿ ನಾನು ಇಬ್ಬರಿಗೆ ನೆಡಲು ಬಾಳೆ ಕಂದು (ಬುಡದಲ್ಲಿ ಬರುವ ಮರಿ ಗಿಡ) ಕೊಟ್ಟಿದ್ದೇನೆ. ಈ ರೋಗ ಮಣ್ಣಿಗೆ ಇಳಿದರೆ ಹತ್ತಾರು ವರ್ಷ ಹೋಗುವುದಿಲ್ಲ. ಒಬ್ಬರು ಸಿಕ್ಕಿದರು, ಅವರಿನ್ನೂ ನೆಟ್ಟಿರಲಿಲ್ಲ. ಗಣೇಶ ಹಬ್ಬದ ಹಿಂದಿನ ದಿನ ಬೈಕಿನಲ್ಲಿ ಬಂದು ಆರು ಕಂದು ಒಯ್ದ ಸಾಂಗೆ ಊರಿನವರೇ, ನಿಮ್ಮ ನಂಬರ್ ನನ್ನ ಹತ್ತಿರ ಇಲ್ಲ. ಅವನ್ನು ನೆಡಬೇಡಿ. ನೆಟ್ಟಿದ್ದರೆ ಇವತ್ತೇ ಕಿತ್ತು ಸುಟ್ಟುಬಿಡಿ.